ಕಸುವು ಕಾಣುವ ಕಸುಬು

ಎಂ.ಎಸ್.ಡಬ್ಲ್ಯೂ. ಓದುತ್ತಿದ್ದಾಗ ಕ್ಷೇತ್ರಕಾರ್ಯಕ್ಕೆಂದು ನನ್ನನ್ನು ಒಂದು ಹಳ್ಳಿಗೆ ಹಾಕಿದ್ದರು. ಹತ್ತು ಹನ್ನೆರಡು ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ನುಂಗುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬರ ಮನೆಗೆ ಹೋಗಿ ಬಂದು ಬರೆದ ವರದಿ ಇವತ್ತಿಗೂ ನೆನಪಿದೆ. ಮಾತ್ರೆ ತಪ್ಪಿಸುತ್ತಾರೆ. ದುಡಿಮೆ ಇಲ್ಲ. ಗಂಡ ಬಿಟ್ಟುಹೋಗಿದ್ದಾನೆ. ಅಣ್ಣನ ಮನೆಯ ಹಂಗಿನಲ್ಲಿದ್ದಾರೆ. ಜನರೊಡನೆ ಬೆರೆಯುವುದಿಲ್ಲ. ಸ್ವಚ್ಛತೆಯ ಕಡೆ ಗಮನವಿಲ್ಲ. ಆರು ಸಾಲಿನಲ್ಲಿ ಒಂದೂ ಸುಳ್ಳಿರಲಿಲ್ಲ. ನನ್ನ ಮಾರ್ಗದರ್ಶಕರು ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: “ಇಷ್ಟೆಲ್ಲ ಇದ್ದೂ ಆಯಮ್ಮ ಹನ್ನೆರಡು ವರ್ಷ ಹೇಗೆ ಬದುಕಿದರು? ಅದನ್ನ ಎಲ್ಲಿ ಬರೆದಿದ್ದೀಯಮ್ಮ?”

ಮತ್ತೆ ಹೋದೆ. ಈ ಸಲ ಪುಸ್ತಕ ತೆಗೆಯದೆ ಜಗಲಿಯ ಮೇಲೆ ಸುಮ್ಮನೆ ಕೂತೆ. ಅವರು ಕನಕಾಂಬರ ಕಟ್ಟುತ್ತಿದ್ದರು. ಪಕ್ಕದ ತಟ್ಟೆಯಲ್ಲಿ ನೆನೆಹಾಕಿದ ಬಾಳೆನಾರು. ಎರಡು ಹೂ ಈಚೆಗೆ, ಎರಡು ಆಚೆಗೆ, ಬೆರಳಿಗೆ ಒಂದು ಸುತ್ತು, ಒಂದು ಜಗ್ಗು. ಕಣ್ಣು ಬೀದಿಯ ಕಡೆಗಿದ್ದರೂ ಗಂಟು ತಪ್ಪುತ್ತಿರಲಿಲ್ಲ. “ಇದನ್ನ ಯಾರು ಕಲಿಸಿದ್ದಮ್ಮಾ?” ಎಂದೆ. ಅವ್ವ ಕಲಿಸಿದ್ದಂತೆ. ಊರ ದೇವರಿಗೆ ಪ್ರತಿ ಶುಕ್ರವಾರ ಹೂವಿನ ಸರ ಹೋಗುವುದು ಇವರ ಕೈಯಿಂದಲೇ. ಅದಕ್ಕೆ ಕಾಸಿಲ್ಲ, ಹಾಗಾಗಿ ಮನೆಯವರು ಅದನ್ನು ಕೆಲಸವೆಂದು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಮೂರನೇ ಸಲ ಹೋದಾಗ ಮಾತ್ರೆಯ ಸಂಗತಿ ತಾನಾಗಿಯೇ ಬಂತು. ಗುರುವಾರ ರಾತ್ರಿ ಮಾತ್ರೆ ತೆಗೆದುಕೊಂಡರೆ ಬೆಳಗಿನ ಜಾವ ಎಚ್ಚರವಾಗುವುದಿಲ್ಲ, ಬಿಸಿಲೇರುವ ಮೊದಲು ಹೂ ಬಿಡಿಸಲಾಗುವುದಿಲ್ಲ. ಅದಕ್ಕೇ ಆ ಒಂದು ರಾತ್ರಿ ಬಿಡುತ್ತಿದ್ದರು. ನನ್ನ ಮೊದಲ ವರದಿಯಲ್ಲಿ ಹುಂಬತನದಂತೆ ಕಂಡದ್ದು ಅವರ ಪಾಲಿಗೆ ಒಪ್ಪಿಕೊಂಡ ಕೆಲಸದ ನಿಷ್ಠೆಯಾಗಿತ್ತು. ವೈದ್ಯರಿಗೆ ಇಷ್ಟು ತಿಳಿಸಿದ್ದೇ ಸಾಕಾಯಿತು. ಮಾತ್ರೆಯ ಹೊತ್ತು ಬದಲಾಯಿತು.

ಈ ಬಗೆಯಲ್ಲಿ ಕೆಲಸ ಮಾಡುವುದಕ್ಕೆ ಸಮಾಜಕಾರ್ಯದ ಪಠ್ಯಗಳಲ್ಲಿ ‘ಸಾಮರ್ಥ್ಯ ಆಧಾರಿತ ವಿಧಾನ’ ಎಂಬ ಹೆಸರಿದೆ. ನನಗೆ ಕಸುವು ಎಂಬ ಮಾತೇ ಹತ್ತಿರ. ನಮ್ಮ ರೈತರು ಆಳಿನ ಮೈಗೂ ಹೊಲದ ಮಣ್ಣಿಗೂ ಅದೇ ಮಾತು ಬಳಸುತ್ತಾರೆ. ಪಾಳು ಬಿದ್ದ ನೆಲದಲ್ಲೂ ಕಸುವಿರಬಹುದು. ದಾರಿಯಲ್ಲಿ ನಿಂತು ನೋಡಿದವರಿಗೆ ಅದು ತಿಳಿಯುವುದಿಲ್ಲ, ಮಣ್ಣನ್ನು ಕೈಗೆತ್ತಿಕೊಂಡು ಉಜ್ಜಿ ನೋಡಬೇಕು.

ಕೊರತೆಯನ್ನೇ ಮೊದಲು ಕಾಣುವ ರೂಢಿ ಈ ವೃತ್ತಿಗೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಪುಸ್ತಕದ ಹೆಸರೇ ಸುಳಿವು ಕೊಡುತ್ತದೆ. ಅಮೆರಿಕದಲ್ಲಿ ಮೇರಿ ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’ ಈ ವೃತ್ತಿಯ ಮೊದಲ ದೊಡ್ಡ ಶಾಸ್ತ್ರಗ್ರಂಥ. ಡಯಾಗ್ನೋಸಿಸ್ ಎಂದರೆ ರೋಗನಿರ್ಣಯ. ದಾನಧರ್ಮದ ಅಂಗಳದಿಂದ ಹೊರಬಂದು ತಾನೂ ಒಂದು ಶಾಸ್ತ್ರವೆನಿಸಿಕೊಳ್ಳಲು ಹೊರಟಿದ್ದ ಕಸುಬು, ಆಗ ಎಲ್ಲರ ಗೌರವ ಪಡೆದಿದ್ದ ವೈದ್ಯಕೀಯದಿಂದ ಮಾತುಗಳನ್ನು ಎರವಲು ತಂದಿತು. ರಿಚ್ಮಂಡ್ ಅವರನ್ನು ದೂರಲಾರೆ. ಮನೆಯವರು, ನೆರೆಯವರು, ಶಾಲೆಯ ಮೇಷ್ಟರು, ಎಲ್ಲರಿಂದಲೂ ತಾಳ್ಮೆಯಿಂದ ವಿವರ ಕೂಡಿಸುವ ಶಿಸ್ತನ್ನು ಕಲಿಸಿದವರು ಅವರು. ಆದರೆ ಎರವಲು ತಂದ ಮಾತಿನ ಜೊತೆ ಅದರ ನೋಟವೂ ಬಂತು. ಬಾಗಿಲಿಗೆ ಬಂದವರು ರೋಗಿಯಾದರು, ಬದುಕು ಲಕ್ಷಣಗಳ ಪಟ್ಟಿಯಾಯಿತು.

ನಮ್ಮಲ್ಲಿ ‘ರೋಗಿ’ಯ ಆ ಜಾಗಕ್ಕೆ ‘ಫಲಾನುಭವಿ’ ಎಂಬ ಸರ್ಕಾರಿ ಮಾತು ಬಂದು ಕೂತಿದೆ. ಯಾರೋ ಕೊಟ್ಟ ಹಣ್ಣನ್ನು ತಿನ್ನುವವನು ಎಂದಷ್ಟೇ ಅದು ಹೇಳುತ್ತದೆ. ಅವನೂ ಒಂದು ಗಿಡ ನೆಟ್ಟಿರಬಹುದು ಎಂಬ ಯೋಚನೆಗೆ ಆ ಪದದಲ್ಲಿ ಎಡೆಯಿಲ್ಲ. ಮಾತು ಸಣ್ಣದು, ಆದರೆ ದಿನಕ್ಕೆ ನಲವತ್ತು ಸಲ ಬರೆದರೆ ಕಣ್ಣು ಅದಕ್ಕೇ ಒಗ್ಗುತ್ತದೆ.

ಈ ನೋಟದ ತೊಡಕನ್ನು ಬಹಳ ಮೊದಲೇ ಗ್ರಹಿಸಿದವರಲ್ಲಿ ಸಮಾಜಕಾರ್ಯಕರ್ತೆ ಬರ್ಥಾ ಕೇಪನ್ ರೆನಾಲ್ಡ್ಸ್ ಒಬ್ಬರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ನ್ಯಾಷನಲ್ ಮ್ಯಾರಿಟೈಮ್ ಯೂನಿಯನ್ ಎಂಬ ನಾವಿಕರ ಸಂಘದಲ್ಲಿ ಕೆಲಸ ಮಾಡಿದರು. ಅಲ್ಲಿಗೆ ಬರುತ್ತಿದ್ದವರು ಚಂದಾ ಕಟ್ಟಿದ ಸದಸ್ಯರು. ತಮ್ಮದೇ ಸಂಘದ ಕಚೇರಿಗೆ, ತಮ್ಮ ಹಕ್ಕಿನ ನೆರವಿಗೆ ಬರುತ್ತಿದ್ದರು. ತಾವು ಸಹಾಯಕ್ಕೆ ಅರ್ಹರೆಂದು ಸಾಬೀತು ಮಾಡಲು ಬಡತನದ ಕಥೆ ಒಪ್ಪಿಸಬೇಕಿರಲಿಲ್ಲ. ತಲೆ ತಗ್ಗಿಸದೆ ನೆರವು ಪಡೆದ ಮನುಷ್ಯ ಬೇರೆಯೇ ರೀತಿ ನಡೆದುಕೊಳ್ಳುತ್ತಾನೆ ಎಂಬ ಈ ಅನುಭವವನ್ನು ಅವರು 1951ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಅದನ್ನು ಗಂಭೀರವಾಗಿ ಓದುವವರು ಸಿಕ್ಕಿದ್ದು ಮೂರು ದಶಕಗಳ ಮೇಲೆ.

ಅವರು ಸಿಕ್ಕಿದ ಜಾಗ ಅಮೆರಿಕದ ನಡುಭಾಗದ ಗೋಧಿ ಬೆಳೆಯುವ ಸೀಮೆ, ಕ್ಯಾನ್ಸಸ್. 1955ರಲ್ಲಿ ಆ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5 ಲಕ್ಷ 58 ಸಾವಿರ ಜನರಿದ್ದರು. ಹೊಸ ಔಷಧಗಳು ಬಂದವು, 1963ರಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆ ಬಂತು, ಆಸ್ಪತ್ರೆಗಳ ಬಾಗಿಲು ತೆರೆದು ಜನರನ್ನು ಊರುಗಳಿಗೆ ಕಳಿಸಿದರು. ಊರಲ್ಲಿ ಅವರಿಗೆ ಮನೆಯಿರಲಿಲ್ಲ, ಕೆಲಸವಿರಲಿಲ್ಲ, ಮಾತಾಡಿಸುವವರೂ ಇರಲಿಲ್ಲ. ಬಹಳಷ್ಟು ಮಂದಿ ಸುತ್ತಿ ಸುತ್ತಿ ಮತ್ತೆ ಆಸ್ಪತ್ರೆಗೇ ಬರುತ್ತಿದ್ದರು. 1982ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಗೆ ಇಂಥವರ ನೆರವಿಗೆಂದು 10 ಸಾವಿರ ಡಾಲರಿನ ಒಂದು ಪುಟ್ಟ ಯೋಜನೆ ಸಿಕ್ಕಿತು. ಅಧ್ಯಾಪಕ ಚಾರ್ಲ್ಸ್ ರ‍್ಯಾಪ್ ಮತ್ತು ಸಂಶೋಧನಾ ವಿದ್ಯಾರ್ಥಿನಿ ರೋನಾ ಚೇಂಬರ್ಲಿನ್ ಅದನ್ನು ಕೈಗೆತ್ತಿಕೊಂಡರು. ಮನೆಮನೆಗೆ ಓಡಾಡಿದವರು ಸಮಾಜಕಾರ್ಯದ ವಿದ್ಯಾರ್ಥಿಗಳು. ಆಗ ಚಾಲ್ತಿಯಲ್ಲಿದ್ದ ಕ್ರಮಗಳು ಇವರಿಗೆ ಒಪ್ಪಿಗೆಯಾಗದೆ, ಕಾಯಿಲೆಯಿಂದಾಚೆ ಈ ಮನುಷ್ಯನಲ್ಲಿ ಏನಿದೆ, ಅವನಿಗೆ ಏನು ಬೇಕು, ಊರಲ್ಲಿ ಏನು ಸಿಗುತ್ತದೆ ಎಂಬ ಮೂರು ಪ್ರಶ್ನೆಗಳ ಸುತ್ತ ಹೊಸ ಕ್ರಮವೊಂದನ್ನು ಕಟ್ಟತೊಡಗಿದರು. 1989ರಲ್ಲಿ ಆನ್ ವೀಕ್ ಮತ್ತು ಸಂಗಡಿಗರು ಇದರ ತತ್ತ್ವವನ್ನು ಲೇಖನವಾಗಿ ಮಂಡಿಸಿದರು. 1992ರಲ್ಲಿ ಅದೇ ಶಾಲೆಯ ಡೆನಿಸ್ ಸಾಲಿಬಿ ಸಂಪಾದಿಸಿದ ಪುಸ್ತಕ ಬಂದ ಮೇಲೆ ಇದು ಲೋಕಕ್ಕೆಲ್ಲ ಗೊತ್ತಾಯಿತು.

ತತ್ತ್ವವನ್ನು ಹೇಳಿ ಮುಗಿಸುವುದು ಸುಲಭ. ಕಸುಬು ಇರುವುದು ಕ್ಯಾನ್ಸಸ್‌ನವರು ರೂಪಿಸಿದ ಒಂದು ಹಾಳೆಯಲ್ಲಿ.

ಆ ಹಾಳೆಗೆ ಏಳು ಅಡ್ಡಸಾಲು, ಮೂರು ಕಾಲಂ. ಅಡ್ಡಸಾಲುಗಳು ಬದುಕಿನ ಏಳು ಪಾಲುಗಳು: ಮನೆ ಮತ್ತು ದಿನಚರಿ, ಹಣಕಾಸು, ಕೆಲಸ ಮತ್ತು ಓದು, ಆಸರೆಯ ಜನ, ಆರೋಗ್ಯ, ಬಿಡುವಿನ ಹವ್ಯಾಸ, ನಂಬಿಕೆ ಮತ್ತು ಸಂಸ್ಕೃತಿ. ಕಾಲಂಗಳು ಕಾಲಕ್ಕೆ ತಕ್ಕಂತೆ ಇವೆ. ಒಂದರಲ್ಲಿ ಈಗ ಕೈಯಲ್ಲಿರುವುದು, ಇನ್ನೊಂದರಲ್ಲಿ ಹಿಂದೆ ಇದ್ದದ್ದು, ನಡುವೆ ಆ ವ್ಯಕ್ತಿಗೆ ಬೇಕೆನಿಸಿರುವುದು. ಇಡೀ ಹಾಳೆಯಲ್ಲಿ ರೋಗಲಕ್ಷಣಗಳಿಗೆಂದು ಒಂದು ಚೌಕವೂ ಇಲ್ಲ. ಆರೋಗ್ಯದ ಸಾಲಿನಲ್ಲೂ ಕೇಳುವುದು ಅವರು ತಮ್ಮನ್ನು ತಾವು ಹೇಗೆ ನೋಡಿಕೊಳ್ಳುತ್ತಾರೆ, ಯಾವುದು ಹಿತ ಕೊಡುತ್ತದೆ ಎಂಬುದನ್ನೇ.

ಹಾಳೆಯನ್ನು ತುಂಬುವ ರೀತಿಯಲ್ಲಿ ಪಳಗಿದವರು ಯಾರು, ಹೊಸಬರು ಯಾರು ಎಂದು ತಕ್ಷಣ ತಿಳಿಯುತ್ತದೆ. ಹೊಸಬರು ‘ಹೂ ಕಟ್ಟುತ್ತಾರೆ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಪಳಗಿದವರು ಬರೆಯುವುದು ಹೀಗೆ: ‘ಅವ್ವನಿಂದ ಕಲಿತದ್ದು, ಪ್ರತಿ ಶುಕ್ರವಾರ ತಪ್ಪದೆ ದೇವಸ್ಥಾನಕ್ಕೆ, ಬೆಳಗಿನ ಜಾವ ತಾನೇ ಏಳುತ್ತಾರೆ, ಅರ್ಚಕರು ಮಾತಾಡಿಸುತ್ತಾರೆ, ಮದುವೆಯ ದಂಡೆ ಕಟ್ಟಲೂ ಬರುತ್ತದೆ, ಹತ್ತು ವರ್ಷದಿಂದ ಕಟ್ಟಿಲ್ಲ.’ ಮೊದಲನೆಯದು ಹೊಗಳಿಕೆಯ ಸಾಲು. ಎರಡನೆಯದರಿಂದ ನಾಳೆ ಬೆಳಿಗ್ಗೆ ಏನಾದರೂ ಮಾಡಬಹುದು. ಅದರಲ್ಲಿ ಒಬ್ಬ ಪರಿಚಯಸ್ಥರಿದ್ದಾರೆ, ಒಂದು ದಿನಚರಿಯಿದೆ, ನಿಂತುಹೋದ ಒಂದು ವಿದ್ಯೆಯಿದೆ. ‘ಒಳ್ಳೆಯವರು’, ‘ಧೈರ್ಯವಂತರು’, ‘ಶ್ರಮಜೀವಿ’ ಎಂಬ ಮಾತುಗಳಿಂದ ಹಾಳೆ ತುಂಬಿದ್ದರೆ ಅಲ್ಲಿ ಕೆಲಸವಿನ್ನೂ ಶುರುವಾಗಿಲ್ಲ ಎಂದೇ ತಿಳಿಯಬೇಕು.

ಇನ್ನೆರಡು ಕಟ್ಟುಪಾಡುಗಳಿವೆ. ಬರೆಯುವ ಮಾತು ಆ ವ್ಯಕ್ತಿಯದೇ ಆಗಿರಬೇಕು. “ನನಗೊಂದು ಒಂಟಿ ಕೋಣೆ ಇದ್ದರೆ ಸಾಕು, ಬಾಗಿಲು ಹಾಕ್ಕೊಂಡು ಮಲಗಬೇಕು” ಎಂದರೆ ಹಾಗೆಯೇ ಬರೆಯಬೇಕು, ಅದನ್ನು ‘ಸ್ವತಂತ್ರ ವಸತಿಯ ಅಪೇಕ್ಷೆ’ ಎಂದು ತಿದ್ದುವಂತಿಲ್ಲ. ತಿದ್ದಿದರೆ ಬಾಗಿಲು ಕಳೆದುಹೋಗುತ್ತದೆ, ಅವರಿಗೆ ಬೇಕಾದದ್ದು ಆ ಬಾಗಿಲೇ. ಎರಡನೆಯದು, ಹಾಳೆಯನ್ನು ಒಂದೇ ಸಲ ಕೂತು ತುಂಬಬಾರದು. ವಾರಗಟ್ಟಲೆ ಮಾತಿನ ನಡುವೆ ಅದು ತಾನಾಗಿ ಬೆಳೆಯಬೇಕು. ಕಾರ್ಯಕರ್ತರು ಕಚೇರಿಯಲ್ಲಿ ಕೂತು ಕರೆಸಿಕೊಳ್ಳುವ ಬದಲು ಅವರಿರುವಲ್ಲಿಗೆ ಹೋಗುತ್ತಾರೆ: ಅಡುಗೆಮನೆ, ಪಾರ್ಕಿನ ಬೆಂಚು, ಅಂಗಡಿ, ಬಸ್ಸು. ಒಬ್ಬ ಕಾರ್ಯಕರ್ತನ ಪಾಲಿಗೆ ಸುಮಾರು 20 ಜನಕ್ಕಿಂತ ಹೆಚ್ಚಿರಬಾರದು ಎಂದು ಕ್ಯಾನ್ಸಸ್‌ನವರು ಹೇಳುವುದು ಇದಕ್ಕೇ. ಇನ್ನೂರು ಜನರ ಫೈಲು ಹೊತ್ತವರಿಂದ ಈ ಕಸುಬು ನಡೆಯದು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅವರ ತಂಡದ ಸಭೆ. ಒಬ್ಬ ಕಾರ್ಯಕರ್ತನ ಬಂಡಿ ಎಲ್ಲೋ ಹೂತು ನಿಂತಿರುತ್ತದೆ. ಅವನು ಆ ವ್ಯಕ್ತಿಯ ಹಾಳೆಯನ್ನು ಪ್ರತಿ ತೆಗೆದು ಎಲ್ಲರಿಗೂ ಹಂಚುತ್ತಾನೆ. ಆ ವ್ಯಕ್ತಿಗೆ ಏನು ಬೇಕಿದೆ, ತನಗೆ ಯಾವುದರಲ್ಲಿ ನೆರವು ಬೇಕು ಎಂದು ಎರಡು ಮಾತಲ್ಲಿ ಹೇಳುತ್ತಾನೆ. ಸ್ವಲ್ಪ ಹೊತ್ತು ಉಳಿದವರು ಹಾಳೆಯ ಬಗ್ಗೆ ಪ್ರಶ್ನೆ ಕೇಳಬಹುದು, ಸಲಹೆ ಕೊಡುವಂತಿಲ್ಲ. ಆಮೇಲೆ ಸಲಹೆಗಳ ಸರದಿ. ಇಪ್ಪತ್ತು, ಮೂವತ್ತು, ಹೊಳೆದದ್ದೆಲ್ಲ ಬರಬೇಕು. ಅವನು ತಲೆಯೆತ್ತದೆ ಒಂದೊಂದನ್ನೂ ಬರೆದುಕೊಳ್ಳಬೇಕು. “ಅದನ್ನೂ ಮಾಡಿ ನೋಡಿದೆ”, “ಅವರು ಒಪ್ಪಲ್ಲ” ಎನ್ನುವಂತಿಲ್ಲ. ಸಭೆ ಮುಗಿದ ಮೇಲೆ ಪಟ್ಟಿ ಹೋಗುವುದು ಆ ವ್ಯಕ್ತಿಯ ಕೈಗೆ. ಯಾವುದನ್ನು ಆರಿಸುವುದು, ಯಾವುದನ್ನು ಬಿಡುವುದು ಅವರಿಗೆ ಬಿಟ್ಟದ್ದು. ಕಚೇರಿಗಳ ಸಭೆ ಬಲ್ಲವರಿಗೆ ಇದರ ಬೆಲೆ ಗೊತ್ತು. ‘ಈ ಕೇಸು ಕಷ್ಟ’ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟು ಏಳುವುದನ್ನು ಆ ಒಂದು ನಿಯಮ ತಡೆಯುತ್ತದೆ.

ಕೇಳುವ ಕಲೆಯಲ್ಲಿ ಇನ್ನೊಂದು ಮನೆತನವಿದೆ. ಕೊರಿಯಾದಲ್ಲಿ ಹುಟ್ಟಿದ ಸಮಾಜಕಾರ್ಯಕರ್ತೆ ಇನ್ಸೂ ಕಿಮ್ ಬರ್ಗ್ ಮತ್ತು ಅವರ ಪತಿ ಸ್ಟೀವ್ ಡಿ ಶೇಜರ್ 1978ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಒಂದು ಕೇಂದ್ರ ತೆರೆದು, ಪರಿಹಾರದ ಕಡೆಗೇ ಮುಖ ಮಾಡಿದ ಸಂಕ್ಷಿಪ್ತ ಚಿಕಿತ್ಸೆಯನ್ನು ರೂಪಿಸಿದರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಈಗ ಎಲ್ಲಿದ್ದೀರಿ ಎಂದು ಆ ಚಿಕಿತ್ಸೆಯಲ್ಲಿ ಕೇಳುತ್ತಾರೆ. “ಎರಡು” ಎಂದು ಉತ್ತರ ಬಂದರೆ ನಮ್ಮಂಥವರಿಗೆ ಥಟ್ಟನೆ ಕಾಣುವುದು ಉಳಿದ ಎಂಟು. ಅಲ್ಲಿನ ಮುಂದಿನ ಪ್ರಶ್ನೆ: ಸೊನ್ನೆಯಾಗದೆ ಎರಡಾದದ್ದು ಹೇಗೆ? ಆ ಎರಡರಲ್ಲಿ ಒಂದು ಬದುಕಿನ ಹೋರಾಟವೆಲ್ಲ ಅಡಗಿರುತ್ತದೆ. ಹೇಳತೊಡಗಿದವರು ತಮ್ಮ ಮಾತನ್ನು ತಾವೇ ಮೊದಲ ಸಲ ಕೇಳಿಸಿಕೊಂಡಂತೆ ನಿಧಾನವಾಗುವುದನ್ನು ನಾನು ಕಂಡಿದ್ದೇನೆ.

ನಮ್ಮ ಜನರ ಮುಂದೆ ಪ್ರಶ್ನೆಗಳನ್ನು ಕೊಂಚ ಓರೆ ಮಾಡಿ ಕೇಳಬೇಕು. ‘ನಿಮ್ಮ ಸಾಮರ್ಥ್ಯಗಳೇನು?’ ಎಂದು ನೇರ ಕೇಳಿದರೆ “ನಮ್ಮಂಥೋರ್ದು ಏನೈತೆ ಬಿಡಿ ಮೇಡಂ” ಎಂದೇ ಉತ್ತರ. ತನ್ನನ್ನು ತಾನು ಹೊಗಳಿಕೊಳ್ಳುವುದು ಇಲ್ಲಿ ಮರ್ಯಾದೆಯಲ್ಲ. ಅದೇ ಹೆಂಗಸಿಗೆ “ಬೀದಿಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದ್ರೆ ಮೊದಲು ಯಾರನ್ನ ಕೂಗ್ತಾರೆ?” ಎಂದು ಕೇಳಿ ನೋಡಿ. ಬಾಣಂತಿಗೆ ನೀರು ಹಾಕಿದ್ದು, ಸಾವಿನ ಮನೆಗೆ ಅಡುಗೆ ಮಾಡಿಕೊಟ್ಟಿದ್ದು, ಕುಡಿದು ಬಂದವನನ್ನು ಗದರಿಸಿ ಮಲಗಿಸಿದ್ದು, ಒಂದೊಂದಾಗಿ ಬರುತ್ತವೆ. ಕಾಫಿ ಕೊಟ್ಟರೆ ಬೇಡವೆನ್ನಬಾರದು ಎಂದೂ ನನ್ನ ಮಾರ್ಗದರ್ಶಕರು ಹೇಳಿಕೊಟ್ಟಿದ್ದರು. ಕೊಡುವ ಕೈ ಅವರದೂ ಆಗಲು ಆ ಲೋಟ ಒಂದು ಅವಕಾಶ.

ಕಷ್ಟದ ನಡುವೆಯೂ ಕಸುವಿರುತ್ತದೆ ಎಂಬ ಈ ನಂಬಿಕೆಗೆ ನೆಲೆಯಿದೆಯೇ ಎಂದು ಕೇಳುವವರು ಹವಾಯಿಯ ಕವಾಯಿ ದ್ವೀಪದ ಅಧ್ಯಯನವನ್ನು ನೋಡಬೇಕು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಹೆತ್ತವರ ಕಾಯಿಲೆ, ಕುಡಿತ, ಜಗಳಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ನೆಟ್ಟಗೆ, ಪ್ರೀತಿಯುಳ್ಳ ದೊಡ್ಡವರಾಗಿ ಬೆಳೆದರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಬಿಡದೆ ನಿಂತ ಒಬ್ಬ ಹಿರಿಯರು, ಅದು ಅಜ್ಜಿಯಾಗಿರಬಹುದು, ಮೇಷ್ಟರಾಗಿರಬಹುದು. ಉಳಿದ ಎರಡು ಭಾಗದ ಮಕ್ಕಳು ಪೆಟ್ಟು ತಿಂದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಕ್ಯಾನ್ಸಸ್‌ನವರು ಹಾಳೆ ಕಟ್ಟುತ್ತಿದ್ದ ದಶಕದಲ್ಲೇ ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಒಂದು ಘಟನೆ ನಡೆಯಿತು. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. 1980ರ ದಶಕದ ನಡುವೆ ಅಂಥ ದೊಡ್ಡ ಸಂಘಗಳು ಕೆಲವು ಒಡೆದವು. ಸೋಲಿನ ವರದಿ ಬರೆಯಲು ಅಷ್ಟು ಸಾಕಿತ್ತು. ಆದರೆ ಒಡೆದ ಸಂಘದ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು ಸಾಲ ತೀರಿಸುತ್ತೇವೆ ಎಂದರು, ಸಂಘದ ಮುಖಂಡರಿಗೆ ಕೊಡಲು ಮನಸ್ಸಿಲ್ಲ ಎಂದರು. ಒಬ್ಬರನ್ನೊಬ್ಬರು ನಂಬುವವರು ತಾವೇ ಕೂಡಿ ಬಂದಿದ್ದಾರೆ ಎಂಬುದನ್ನು ಮೈರಾಡದವರು ಗಮನಿಸಿದರು. ಆ ನಂಬಿಕೆಯನ್ನು ಯಾವ ಯೋಜನೆಯೂ ತಂದುಕೊಟ್ಟಿರಲಿಲ್ಲ, ಊರಲ್ಲಿ ಮೊದಲೇ ಇತ್ತು. ಅಲೋಶಿಯಸ್ ಫರ್ನಾಂಡಿಸ್ ಅವರ ಮುಂದಾಳ್ತನದಲ್ಲಿ ಅದರ ಮೇಲೆಯೇ ಹದಿನೈದು ಇಪ್ಪತ್ತು ಜನರ ಗುಂಪುಗಳು ಬೆಳೆದವು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸುವಾಗ ಈ ಅನುಭವ ಬೆನ್ನಿಗಿತ್ತು. ಇಂದು ನಮ್ಮ ಪ್ರತಿ ಹಳ್ಳಿಯಲ್ಲೂ ಕಾಣುವ ಮಹಿಳಾ ಸಂಘಗಳ ಬೇರುಗಳಲ್ಲಿ ಅದೂ ಒಂದು.

ಮೆಚ್ಚಿ ಬರೆಯುತ್ತಿರುವುದರಿಂದಲೇ ಆಕ್ಷೇಪಗಳನ್ನು ಮುಚ್ಚಿಡಲಾರೆ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ತೀವ್ರ ಮಾನಸಿಕ ಕಾಯಿಲೆಯಲ್ಲಿ ಕ್ಯಾನ್ಸಸ್‌ನವರ ಈ ಕ್ರಮ ಇತರ ಸೇವಾಕ್ರಮಗಳಿಗಿಂತ ಸ್ಪಷ್ಟವಾಗಿ ಮೇಲು ಎನ್ನುವುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಇದಕ್ಕಿಂತ ಗಂಭೀರವಾದದ್ದು ಆಸ್ಟ್ರೇಲಿಯಾದ ಸಮಾಜಕಾರ್ಯ ಅಧ್ಯಾಪಕಿ ಮೆಲ್ ಗ್ರೇ 2011ರಲ್ಲಿ ಎತ್ತಿದಂಥ ಪ್ರಶ್ನೆ. ‘ನಿಮ್ಮಲ್ಲೇ ಶಕ್ತಿಯಿದೆ’ ಎನ್ನುವ ಮಾತು, ಹೊಣೆ ಜಾರಿಸಿಕೊಳ್ಳುವ ಸರ್ಕಾರಗಳಿಗೆ ಬಲು ಅನುಕೂಲ. ಪಿಂಚಣಿ ನಿಲ್ಲಿಸಿ ಸ್ವಾವಲಂಬನೆಯ ಪಾಠ ಹೇಳುವುದು ಸುಲಭ. ಈ ಎಚ್ಚರಿಕೆ ಪೂರ್ತಿ ಸರಿ ಎಂದೇ ನನ್ನ ಅಭಿಪ್ರಾಯ. ಕಸುವು ಇರುವ ನೆಲಕ್ಕೂ ನೀರು ಬೇಕು. ಹೂ ಕಟ್ಟುವ ಆಯಮ್ಮನ ಪಿಂಚಣಿ ಅರ್ಜಿಗೆ ನಾಲ್ಕು ಸಲ ಕಚೇರಿ ಸುತ್ತುವುದು ಈ ಕಸುಬಿಗೆ ಹೊರತಲ್ಲ, ಅದರದೇ ಭಾಗ. ಹಾಳೆಯಲ್ಲಿ ಹಣಕಾಸಿಗೆ ಒಂದು ಸಾಲು ಇರುವುದು ಸುಮ್ಮನೆಯಲ್ಲ. ಸಾಲಿಬಿಯವರೂ ಕಾಯಿಲೆ, ಹಿಂಸೆ, ಬಡತನಗಳು ನಿಜವೆಂಬುದನ್ನು ಎಂದೂ ಅಲ್ಲಗಳೆಯಲಿಲ್ಲ. ಅವುಗಳಷ್ಟೇ ನಿಜವಾದ ಇನ್ನೊಂದು ಮಗ್ಗುಲನ್ನು ಬರೆಯದೆ ಬಿಡಬೇಡಿ ಎಂಬುದು ಅವರ ಒತ್ತಾಯವಾಗಿತ್ತು.

ನಮ್ಮ ದೇಶದ ಮಾನಸಿಕ ಆರೋಗ್ಯ ಕ್ಷೇತ್ರಕ್ಕೂ ಇದು ಹೊಸ ಮಾತಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲೇ ಗುಡಾರ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆಗೆ ಮನೆಯವರೇ ಕಾರಣವೆಂದು ಪಶ್ಚಿಮದ ವೈದ್ಯರು ಹಲವರು ಹೇಳುತ್ತಿದ್ದ ಕಾಲದಲ್ಲಿ, ಅವರನ್ನು ಗುಣವಾಗುವ ದಾರಿಯ ಜೊತೆಗಾರರೆಂದು ಕಂಡರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಂತೂ ಸಮುದಾಯದ ನಡುವೆ ಬದುಕುವುದನ್ನು ಹಕ್ಕೆಂದಿದೆ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿಯೇ ಬರೆದಿಡಲು ಅವಕಾಶ ಕೊಟ್ಟಿದೆ. ಅಂದಮೇಲೆ ‘ನಿಮಗೇನು ಬೇಕು?’ ಎಂದು ಕೇಳುವುದು ಕಾರ್ಯಕರ್ತರ ದೊಡ್ಡ ಮನಸ್ಸಿಗೆ ಬಿಟ್ಟ ವಿಚಾರವಾಗಿ ಉಳಿದಿಲ್ಲ.

ಸಮಾಜಕಾರ್ಯ ಕಲಿಸುವ ಅಧ್ಯಾಪಕರಲ್ಲಿ, ಮನೆಭೇಟಿಯ ವರದಿ ಓದುವ ಅಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ವರದಿಯ ನಮೂನೆಯಲ್ಲಿ ‘ಸಮಸ್ಯೆಗಳು’ ಎಂಬ ಕಾಲಂ ಇರಲಿ. ಅದರ ಪಕ್ಕದಲ್ಲಿ ಅಷ್ಟೇ ಅಗಲದ ಇನ್ನೊಂದು ಕಾಲಂ ಎಳೆಯಿರಿ. ಅದನ್ನು ತುಂಬಲು ವಿದ್ಯಾರ್ಥಿಗೆ ಕನಿಷ್ಠ ಮೂರು ಭೇಟಿಯ ಸಮಯ ಕೊಡಿ. ತುಂಬಿದ ಮೇಲೆ ಅದರ ಒಂದು ಪ್ರತಿ ಆ ಮನೆಯವರ ಕೈಯಲ್ಲಿರಲಿ.